ಬೇಯಿಸುವ ಗಾಳಿ, ಒಣಗಿಸುವ ಗಾಳಿ



ನವೆಂಬರ್ ತಿಂಗಳಲ್ಲಿ ಮೋಡ ಕವಿದರೆ ಅಡಿಕೆ ಬೆಳೆಗಾರರ ಪಾಡೇನು ಎಂಬುದನ್ನು ಪುತ್ತೂರು, ಸುಳ್ಯ, ಕಡಬದವರಿಗೆ ನಾನು ವಿವರಿಸಬೇಕಾಗಿಲ್ಲ. ಮೊದಲ ಕೊಯ್ಲು ಅಂಗಳಕ್ಕೆ ಬಂದಿರುತ್ತದೆ. ಚಾಲಿಯಾಗಲು ಸುಮಾರು 40 ದಿನಗಳ ಬಿಸಿಲು ಬೇಕು. ನಾಲ್ಕು ದಿನ ಬಿಡದೆ ಮಳೆ ಹಿಡಿದರೆ ಅಡಿಕೆಗೆ ಬೂಷ್ಟು ಹಿಡಿಯುತ್ತದೆ, ವರ್ಷದ ಆದಾಯಕ್ಕೆ ಪೆಟ್ಟು ಬೀಳುತ್ತದೆ. ಆದುದರಿಂದಲೇ ಹಲವರು ಕಟ್ಟಿಗೆ ಉರಿಸುವ ಡ್ರೈಯರ್ ಹಾಕಿಸಿಕೊಂಡಿದ್ದಾರೆ.

ಚಿತ್ರೀಕರಣಕ್ಕೆಂದು ಸುಳ್ಯದ ಸಮೀಪದ ಒಂದು ಮನೆಗೆ ಹೋಗಿದ್ದೆವು. ಡ್ರೈಯರಿನ ಕೆಳಗಿನ ತಟ್ಟೆಯ ಅಡಿಕೆ ಕರಕಲು ವಾಸನೆ ಹೊಡೆಯುತ್ತಿತ್ತು. ಮೇಲಿನ ತಟ್ಟೆಯದು ಬೆವರಿಳಿಯುತ್ತಿತ್ತು. ನೋಡಿದರೆ ಮೇಲ್ಕಿಂಡಿಗೆ ಗೋಣಿ ತುರುಕಿದ್ದಾರೆ! ಕೇಳಿದಾಗ ಯಜಮಾನರು, “ಅಲ್ಲ ಮಾರಾಯ್ರೆ, ಕಿಂಡಿ ತೆರೆದಿಟ್ಟರೆ ಬಿಸಿ ಎಲ್ಲ ಹೊರಗೆ ಹೋಗ್ತದಲ್ಲ!” ಎಂದರು. ಅವರ ಲೆಕ್ಕ ತಪ್ಪೆಂದು ಮೇಲ್ನೋಟಕ್ಕೆ ಅನಿಸುವುದಿಲ್ಲ. ಆದರೆ ಅದು ಒಲೆಯ ಲೆಕ್ಕ, ಡ್ರೈಯರಿನದ್ದಲ್ಲ.

ದೊಡ್ಡ ನಗರಗಳ ಕಾಫಿ ಅಂಗಡಿಗಳಲ್ಲಿ ಒಂದು ಬಗೆಯ ಓವನ್ ಬಂದಿದೆ. ಬ್ರೆಡ್ಡು ಒಳಗಿಟ್ಟ ಒಂದೆರಡು ನಿಮಿಷದಲ್ಲೇ ಗರಿಗರಿಯಾಗಿ ಹೊರಬರುತ್ತದೆ. ಒಳಗಿನ ಗಾಳಿ ಸುಮಾರು 250 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರುತ್ತದೆ. ಆದರೆ ಗುಟ್ಟು ಬರಿಯ ಬಿಸಿಯಲ್ಲಿಲ್ಲ. ಯಾವ ವಸ್ತುವಿನ ಮೈಗೂ ನಿಂತ ಗಾಳಿಯ ತೆಳುಪದರ ಅಂಟಿಕೊಂಡಿರುತ್ತದೆ, ಕಂಬಳಿ ಹೊದ್ದಂತೆ. ಆ ಓವನ್ನಿನ ಫ್ಯಾನು ಸಣ್ಣ ತೂತುಗಳ ಮೂಲಕ ಗಾಳಿಯನ್ನು ರಭಸದಿಂದ ಚಿಮ್ಮಿಸಿ ಈ ಕಂಬಳಿಯನ್ನು ಕಿತ್ತೆಸೆಯುತ್ತದೆ. ಶಾಖ ನೇರವಾಗಿ ಮೈಗೆ ತಾಗುತ್ತದೆ. ತಾಗಿದ ಗಾಳಿ ಫ್ಯಾನಿಗೆ ಮರಳಿ, ಮತ್ತೆ ಬಿಸಿಯಾಗಿ, ಮತ್ತೆ ಚಿಮ್ಮುತ್ತದೆ. ಮಾದರಿಗೆ ತಕ್ಕಂತೆ ಮೈಕ್ರೋವೇವ್ ಕೂಡ ಜೊತೆಗಿರುತ್ತದೆ.

ಡ್ರೈಯರಿನ ಗಾಳಿ ಮಾಡಬೇಕಾದ ಕೆಲಸ ಎರಡು. ಶಾಖ ಕೊಡಬೇಕು, ನೀರನ್ನು ಹೊತ್ತು ಹೊರಗೊಯ್ಯಬೇಕು. ಮಳೆಗಾಲದ 25 ಡಿಗ್ರಿಯ ಗಾಳಿ ಒಂದು ಘನಮೀಟರಿನಲ್ಲಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿಯಬಲ್ಲುದು. 60 ಡಿಗ್ರಿಯಲ್ಲಿ ಅಷ್ಟೇ ಜಾಗಕ್ಕೆ ಸುಮಾರು 130 ಗ್ರಾಂ ಹಿಡಿಸುತ್ತದೆ. ಎಂದರೆ, ಮಳೆಯಲ್ಲಿ ತೊಯ್ದ ಗಾಳಿಯೂ ಕಾಯಿಸಿದೊಡನೆ ಬಾಯಾರಿದ ಗಾಳಿಯಾಗುತ್ತದೆ! ಆದರೆ ಕುಡಿದು ತಣಿದ ಮೇಲೆ ಅದು ಹೊರಹೋಗಬೇಡವೇ? ಕಿಂಡಿ ಮುಚ್ಚಿದರೆ ಕೆಳತಟ್ಟೆಯ ನೀರನ್ನು ಅದು ಮೇಲ್ತಟ್ಟೆಯ ತಣ್ಣನೆಯ ಅಡಿಕೆಯ ಮೇಲೆ ಹನಿಸುತ್ತದೆ. ಯಜಮಾನರ ಮನೆಯಲ್ಲಿ ಆದದ್ದು ಇದೇ. ಕಟ್ಟಿಗೆ ಉಳಿಸುವ ಚಿಂತೆ ಸಹಜವೇ. 25 ಡಿಗ್ರಿಯ ನೀರನ್ನು ಕುದಿಗೆ ತರುವ ಶಾಖದ ಏಳು ಪಟ್ಟು ಶಾಖ ಅದನ್ನು ಆವಿ ಮಾಡಲು ಬೇಕು. ಅಷ್ಟು ಖರ್ಚು ಮಾಡಿ ಎಬ್ಬಿಸಿದ ಆವಿಯನ್ನು ಒಳಗೇ ಕೂಡಿಹಾಕುವುದು ದೊಡ್ಡ ನಷ್ಟ.

ಕೊಕ್ಕೊದ ವಿಷಯ ಇನ್ನೂ ಸೂಕ್ಷ್ಮ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದು ನಿಮಗೆ ಗೊತ್ತೇ ಇದೆ. ಐದಾರು ದಿನ ಹುಳಿಸಿದ ಹಸಿ ಬೀಜದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ನೀರು. ಅದು ಶೇಕಡಾ 7ಕ್ಕಿಂತ ಕೆಳಗಿಳಿಯಬೇಕು. ಓವನ್ನಿನ ಹಾಗೆ ಅವಸರಪಟ್ಟರೆ ಸಿಪ್ಪೆ ಗಟ್ಟಿಯಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಹುಳಿಸುವಾಗ ಹುಟ್ಟಿದ ಅಸಿಟಿಕ್ ಆಮ್ಲ ಒಳಗೇ ಉಳಿದು ಚಾಕೊಲೇಟಿನ ರುಚಿ ಕೆಡುತ್ತದೆ. ಬ್ರೆಡ್ಡಿಗೆ ಯಾವುದು ಗುಣವೋ ಕೊಕ್ಕೊಗೆ ಅದೇ ದೋಷ. ಆದ್ದರಿಂದ ಬಿಸಿ 60 ಡಿಗ್ರಿ ದಾಟಬಾರದು. ನಡುನಡುವೆ ಬೆಂಕಿ ತಗ್ಗಿಸಿ, ಒಳಗಿನ ನೀರು ಮೈಗೆ ಬರಲು ಹೊತ್ತು ಕೊಡಬೇಕು.

ಇನ್ನು ಹೊಗೆ. ಡ್ರೈಯರಿನಲ್ಲಿ ಹೊಗೆ ಕೊಳವೆಯೊಳಗೆ ಹರಿದು ಹೊರಹೋಗುತ್ತದೆ, ಕೊಳವೆಯ ಹೊರಮೈಗೆ ತಾಗಿದ ಗಾಳಿ ಮಾತ್ರ ತಟ್ಟೆಗೆ ಏರುತ್ತದೆ. ಕೊಳವೆ ತುಕ್ಕುಹಿಡಿದು ಸೂಜಿತೂತು ಬಿದ್ದರೂ ಸಾಕು, ಕೊಕ್ಕೊ ಬೀಜದ ಕೊಬ್ಬು ಹೊಗೆಯ ವಾಸನೆಯನ್ನು ಹೀರಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಸುಳ್ಯದ ರಬ್ಬರ್ ಬೆಳೆಗಾರರು ನಗಬಹುದು: ಅವರ ಶೀಟುಗಳಿಗೆ ಹೊಗೆಯೇ ಬೇಕು, ಬೂಷ್ಟು ಬಾರದಂತೆ ಕಾಯುವುದೇ ಅದು. ರಬ್ಬರಿನ ಹೊಗೆಮನೆಯಲ್ಲಿ ಕೊಕ್ಕೊ ಒಣಗಿಸಲು ಮಾತ್ರ ದಯವಿಟ್ಟು ಹೋಗಬೇಡಿ. ಮಳೆಗಾಲಕ್ಕೆ ಮುನ್ನ ಕತ್ತಲೆಯಲ್ಲಿ ಕೊಳವೆಯೊಳಗೆ ಟಾರ್ಚ್ ಬಿಟ್ಟು ಹೊರಗಿನಿಂದ ನೋಡಿ. ತೂತಿದ್ದರೆ ಬೆಳಕು ಕಾಣುತ್ತದೆ.

ಮೇಲ್ಕಿಂಡಿ ಎಷ್ಟು ತೆರೆಯಬೇಕೆಂದು ಯಜಮಾನರು ಕೇಳಿದರು. ಅಡುಗೆಮನೆಯಿಂದ ತಣ್ಣನೆಯ ಸ್ಟೀಲ್ ತಟ್ಟೆಯೊಂದನ್ನು ತರಿಸಿ, ಗೋಣಿ ಎಳೆದು ಕಿಂಡಿಗೆ ಹಿಡಿದೆವು. ಕ್ಷಣದಲ್ಲಿ ತಟ್ಟೆಯ ತುಂಬ ಹನಿ. ಹೀಗೆ ಹನಿ ಕಟ್ಟುವಷ್ಟು ಕಾಲ ಕಿಂಡಿ ಪೂರ್ತಿ ತೆರೆದಿರಲಿ. ಹನಿ ನಿಂತ ಮೇಲೆ ಅರ್ಧ ಮುಚ್ಚಿ ಕಟ್ಟಿಗೆ ಉಳಿಸಬಹುದು. ಅಷ್ಟಕ್ಕೇ ಅಡಿಕೆ ಒಣಗಿತೆಂದು ಗೋಣಿಗೆ ತುಂಬಬೇಡಿ. ಮೇಲಿನ ತಟ್ಟೆಯಿಂದ ಒಂದನ್ನು ತೆಗೆದು, ಒಡೆದು, ನಡುವನ್ನು ನೋಡಿ.