ಹನ್ನೊಂದನೆಯ ಇಯತ್ತೆಯ ಅರ್ಜಿ: ಮೊದಲ ಹೆಸರು ಯಾವುದು?

(ಸಂಘದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ದಿನ ನಮ್ಮ ಚಾಳುಗಳಲ್ಲಿ ಪೇಡೆ ಹಂಚುತ್ತಾರೆ. ಮರುದಿನದಿಂದ ಚಿಂತೆ ಆರಂಭ. ಮುಂದೆ ಯಾವ ಕಾಲೇಜು? ಯಾವ ಶಾಖೆ? ಫೀ ಎಷ್ಟು? ಈ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ತಂದೆತಾಯಿ ಮತ್ತು ಮಗು. ಆದರೆ ತಂದೆ ಬೆಳಗಿನ ಐದಕ್ಕೇ ಹೋಟೆಲಿನ ಭಟ್ಟಿಯ ಮುಂದೆ ನಿಂತಿರುತ್ತಾನೆ. ತಾಯಿಗೆ ನಾಲ್ಕು ಮನೆಯ ಕೆಲಸ. ಆದ್ದರಿಂದ ಅರ್ಜಿ ತುಂಬುವ ಭಾರ ಬೀದಿಯ ಮೂಲೆಯ ಕಂಪ್ಯೂಟರ್ ಅಂಗಡಿಯವನ ಪಾಲಿಗೆ ಬೀಳುತ್ತದೆ. ಅವನು ಕೆಟ್ಟವನೆಂದು ನಾವು ಹೇಳುವುದಿಲ್ಲ. ಅವನ ಮುಂದೆ ನಲವತ್ತು ಮಂದಿ ಸರದಿಯಲ್ಲಿರುತ್ತಾರೆ. ಹಿಂದಿನವನಿಗೆ ಬರೆದ ಹೆಸರುಗಳನ್ನೇ ನಿಮಗೂ ಬರೆದು ಮುಗಿಸುತ್ತಾನೆ. ನಿಮ್ಮ ಮಗುವಿನ ಎರಡು ವರ್ಷ ಅಲ್ಲಿಗೆ ತೀರ್ಮಾನವಾಗಿಬಿಡುತ್ತದೆ.

ಆ ಹೆಸರುಗಳನ್ನು ಯಾವ ಕ್ರಮದಲ್ಲಿ ಬರೆಯಬೇಕು ಎಂಬ ಒಂದೇ ವಿಷಯವನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇವೆ.

ಮೊದಲು ಈ ವ್ಯವಸ್ಥೆಯನ್ನು ತಿಳಿದುಕೊಳ್ಳೋಣ. ಮುಂಬಯಿಯಲ್ಲಿ ಹನ್ನೊಂದನೆಯ ಇಯತ್ತೆಯ ಪ್ರವೇಶ 2009ರಿಂದ ಕಂಪ್ಯೂಟರ್ ಮೂಲಕ ಒಂದೇ ಕಡೆ ನಡೆಯುತ್ತಿದೆ. 2025ರಲ್ಲಿ ಇದನ್ನು ಇಡೀ ಮಹಾರಾಷ್ಟ್ರಕ್ಕೆ ವಿಸ್ತರಿಸಿದರು. ಅರ್ಜಿಯಲ್ಲಿ ಎರಡು ಭಾಗ. ಒಂದನೆಯ ಭಾಗದಲ್ಲಿ ಮಗುವಿನ ಹೆಸರು, ಅಂಕ, ಜಾತಿ ಮತ್ತು ಇತರ ದಾಖಲೆಗಳು. ಎರಡನೆಯ ಭಾಗದಲ್ಲಿ ಕಾಲೇಜುಗಳ ಪಟ್ಟಿ. ಕನಿಷ್ಠ 1, ಹೆಚ್ಚೆಂದರೆ 10 ಹೆಸರುಗಳನ್ನು ಒಂದರ ಕೆಳಗೆ ಒಂದರಂತೆ ಅಂಕೆ ಹಾಕಿ ಕೊಡಬೇಕು. ಎರಡೂ ಭಾಗಗಳನ್ನು ತುಂಬಿದ ಮೇಲೆ ಲಾಕ್ ಮಾಡಬೇಕು. ಲಾಕ್ ಮಾಡದ ಅರ್ಜಿ ತುಂಬಿದರೂ ತುಂಬದಂತೆಯೇ.

ಈ ಹತ್ತು ಹೆಸರುಗಳ ವಿಷಯದಲ್ಲಿ ನಮ್ಮ ಜನರಲ್ಲಿ ಒಂದು ಹೆದರಿಕೆ ಬೇರೂರಿದೆ. “ದೊಡ್ಡ ಕಾಲೇಜನ್ನು ಮೊದಲು ಬರೆದರೆ ಅದೂ ಸಿಗುವುದಿಲ್ಲ, ಎರಡನೆಯದೂ ಕೈತಪ್ಪುತ್ತದೆ. ನಮ್ಮ ಯೋಗ್ಯತೆ ನೋಡಿ ಚಿಕ್ಕದನ್ನೇ ಮೇಲೆ ಬರೆಯೋಣ” ಎನ್ನುತ್ತಾರೆ. ಬಡವರಿಗೆ ಈ ಮಾತು ವಿವೇಕದಂತೆ ಕೇಳಿಸುತ್ತದೆ. ಆದರೆ ಇಲ್ಲಿಯ ಪದ್ಧತಿಗೆ ಅದು ಹೊಂದುವುದಿಲ್ಲ.

ಕಂಪ್ಯೂಟರ್ ಏನು ಮಾಡುತ್ತದೆ ನೋಡಿರಿ. ಅದು ಮಕ್ಕಳನ್ನು ಅಂಕಗಳ ಪ್ರಕಾರ ಸಾಲಾಗಿ ನಿಲ್ಲಿಸುತ್ತದೆ. ಹೆಚ್ಚು ಅಂಕ ಬಂದವರು ಮುಂದೆ, ಕಡಿಮೆ ಬಂದವರು ಹಿಂದೆ. ಒಬ್ಬೊಬ್ಬರ ಸರದಿ ಬಂದಾಗ ಅವರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಜಾಗ ಉಳಿದಿರುವ ಮೊದಲ ಹೆಸರು ಯಾವುದೋ ಅದನ್ನು ಕೊಡುತ್ತದೆ. ಮೀಸಲು ಜಾಗಗಳಿಗೂ ಆಯಾ ವರ್ಗದೊಳಗೆ ಇದೇ ಕ್ರಮ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ನಮ್ಮ ಹುಡುಗಿಗೆ 78 ಶೇಕಡಾ ಬಂದಿದೆ ಎನ್ನಿ. ಅವಳ ಮನಸ್ಸು ‘ಅ’ ಕಾಲೇಜಿನ ಮೇಲೆ. ಅಲ್ಲಿ ಹೋದ ವರ್ಷ ಕಡೆಯ ಜಾಗ ಸಿಕ್ಕಿದ್ದು 81 ಶೇಕಡಾ ಬಂದವರಿಗೆ. ಮನೆಯ ಹತ್ತಿರದ ‘ಬ’ ಕಾಲೇಜಿನಲ್ಲಿ 76ಕ್ಕೆ ಸಿಕ್ಕಿತ್ತು. ಹುಡುಗಿ ‘ಅ’ವನ್ನು ಮೊದಲು, ‘ಬ’ವನ್ನು ಎರಡನೆಯದಾಗಿ ಬರೆದಳು. ಪಕ್ಕದ ಖೋಲಿಯ ಹುಡುಗನಿಗೆ 74 ಬಂದಿದೆ. ಅವನು ‘ಬ’ವನ್ನೇ ಮೊದಲು ಬರೆದ. ‘ಬ’ದಲ್ಲಿ ಒಂದೇ ಜಾಗ ಉಳಿದಿದ್ದರೆ ಅದು ಯಾರಿಗೆ? ನಮ್ಮ ಹುಡುಗಿಗೇ. ಹುಡುಗ ಅದನ್ನು ಮೊದಲು ಬರೆದನೆಂಬ ಕಾರಣಕ್ಕೆ ಅವಳಿಗಿಂತ ಮುಂದೆ ಹೋಗಲಾರ. ‘ಅ’ವನ್ನು ಮೇಲೆ ಬರೆದುದರಿಂದ ಅವಳಿಗೆ ಬಿಡಿಕಾಸಿನ ನಷ್ಟವೂ ಇಲ್ಲ. ಈ ವರ್ಷ ‘ಅ’ದಲ್ಲಿ ಕಟ್‌ಆಫ್ 78ಕ್ಕೆ ಇಳಿದರೆ ಅವಳಿಗೆ ಲಾಭ. ‘ಬ’ವನ್ನೇ ಮೇಲೆ ಬರೆದಿದ್ದರೆ ಆ ಲಾಭ ಬಾಗಿಲಿಗೆ ಬಂದು ಹಿಂದಿರುಗುತ್ತಿತ್ತು.

ಹೆದರಿ ಬರೆಯುವುದೇ ಲಾಭವಾಗಿದ್ದ ಊರುಗಳೂ ಇದ್ದವು. ಅಮೆರಿಕದ ಬೋಸ್ಟನ್ ನಗರದಲ್ಲಿ 2005ರ ವರೆಗೆ ಬೇರೆ ಪದ್ಧತಿಯಿತ್ತು. ಅಲ್ಲಿ ಒಂದು ಶಾಲೆಯನ್ನು ಮೊದಲ ಆಯ್ಕೆಯಾಗಿ ಬರೆದವರಿಗೆಲ್ಲ ಮೊದಲು ಜಾಗ ಹಂಚುತ್ತಿದ್ದರು. ಉಳಿದರೆ ಎರಡನೆಯದಾಗಿ ಬರೆದವರಿಗೆ. ಹೆಸರಾದ ಶಾಲೆಯನ್ನು ಮೇಲೆ ಬರೆದು ಅದು ತಪ್ಪಿದ ಮಗುವಿಗೆ, ಎರಡನೆಯ ಶಾಲೆ ಆಗಲೇ ತುಂಬಿಹೋಗಿರುತ್ತಿತ್ತು. ಈ ಗುಟ್ಟು ಬಲ್ಲ ಪಾಲಕರು ಕೂಡಿ ಕುಳಿತು ಲೆಕ್ಕ ಹಾಕಿ ಪಟ್ಟಿ ಬರೆಯುತ್ತಿದ್ದರು. ಪುರುಸೊತ್ತಿಲ್ಲದವರು, ಕೇಳಲು ಜನವಿಲ್ಲದವರು ಮನಸ್ಸಿನಲ್ಲಿದ್ದುದನ್ನು ಹಾಗೆಯೇ ಬರೆದು ಸೋಲುತ್ತಿದ್ದರು. ಗೇಲ್ ಮತ್ತು ಶೇಪ್ಲಿ ಎಂಬ ಇಬ್ಬರು ವಿದ್ವಾಂಸರು 1962ರಲ್ಲಿಯೇ ಜಾಗ ಹಂಚುವ ಬೇರೊಂದು ಕ್ರಮವನ್ನು ಗಣಿತದಿಂದ ತೋರಿಸಿದ್ದರು. ಆ ಕ್ರಮದಲ್ಲಿ ನಿಜವಾದ ಇಷ್ಟವನ್ನು ಬರೆದ ಅಭ್ಯರ್ಥಿಗೆ ನಷ್ಟವಾಗುವುದಿಲ್ಲ. ಬೋಸ್ಟನ್ ನಗರ 2005ರಲ್ಲಿ ಆ ದಾರಿಗೆ ಬಂದಿತು. ಶೇಪ್ಲಿಯವರಿಗೂ, ಈ ತತ್ತ್ವವನ್ನು ಶಾಲೆ-ಆಸ್ಪತ್ರೆಗಳಲ್ಲಿ ಬಳಕೆಗೆ ತಂದ ರಾಥ್ ಎಂಬವರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ದೂರದ ಊರಿನ ಈ ಮಾತಿನಿಂದ ನಮಗೆ ಕಲಿಯಲಿಕ್ಕಿದೆ. ಜಾಗ ಹಂಚುವ ನಿಯಮ ಯಾವುದೆಂದು ತಿಳಿಯದೆ ಪಟ್ಟಿ ಬರೆಯಬಾರದು. ನಿಯಮ ಗೊತ್ತಿಲ್ಲದಿದ್ದರೆ ಏಟು ಬೀಳುವುದು ಯಾವಾಗಲೂ ದುಡಿಯುವವನ ಮಗುವಿಗೇ. ನಮ್ಮ ಮುಂಬಯಿಯ ನಿಯಮದಲ್ಲಿ ಹೆದರಿಕೆಗೆ ಜಾಗವಿಲ್ಲ. ಮನಸ್ಸಿನಲ್ಲಿ ಯಾವುದು ಮೊದಲೋ ಅದನ್ನೇ ಮೊದಲು ಬರೆಯಿರಿ.

ಹಾಗೆಂದು ಹತ್ತು ಹೆಸರಾದ ಕಾಲೇಜುಗಳನ್ನು ಬರೆದು ಕೈಕಟ್ಟಿ ಕುಳಿತುಕೊಳ್ಳಲಿಕ್ಕಾಗದು. ಇದರಲ್ಲಿ ಮೂರು ಎಚ್ಚರಿಕೆಗಳಿವೆ.

ಒಂದನೆಯದು, ಮೊದಲ ಅಂಕೆಯ ಕಟ್ಟು. ಮೊದಲ ಆಯ್ಕೆಯ ಕಾಲೇಜೇ ದೊರೆತರೆ ಅಲ್ಲಿಗೆ ಸೇರಲೇಬೇಕು. ಸೇರದಿದ್ದರೆ ಮುಂದಿನ ಸಾಮಾನ್ಯ ಸುತ್ತುಗಳಿಂದ ಮಗುವನ್ನು ಹೊರಗಿಡುತ್ತಾರೆ. ಕಡೆಗೆ ಎಲ್ಲರಿಗೂ ತೆರೆಯುವ ಸುತ್ತಿನ ವರೆಗೆ ಕಾಯಬೇಕು. ಅಷ್ಟರಲ್ಲಿ ಒಳ್ಳೆಯ ಜಾಗಗಳು ತುಂಬಿಹೋಗಿರುತ್ತವೆ. ಎರಡರಿಂದ ಹತ್ತರ ವರೆಗಿನ ಯಾವುದಾದರೂ ಸಿಕ್ಕರೆ ಸೇರಬಹುದು, ಇಲ್ಲವೆ ಬಿಟ್ಟು ಮುಂದಿನ ಸುತ್ತಿಗೆ ಕಾಯಬಹುದು. ಆದರೆ ಬಿಟ್ಟ ಜಾಗ ಮತ್ತೆ ನಿಮಗಾಗಿ ಕಾದಿರುವುದಿಲ್ಲ. ಆದುದರಿಂದ ಮೊದಲ ಅಂಕೆಯ ಮುಂದೆ, ಸಿಕ್ಕ ದಿನವೇ ಫೀ ಕಟ್ಟಿ ಮಗುವನ್ನು ಸಂತೋಷದಿಂದ ಕಳಿಸಬಲ್ಲ ಕಾಲೇಜು ಮಾತ್ರ ಇರಲಿ.

ಎರಡನೆಯದು, ಫೀಯ ವಿಷಯ. ನಮ್ಮವರು ಬಹಳವಾಗಿ ಏಟು ತಿನ್ನುವುದು ಇಲ್ಲಿಯೇ. ಕಾಲೇಜಿನ ಹೆಸರು ಒಂದೇ ಇರುತ್ತದೆ, ಪಟ್ಟಿಯಲ್ಲಿ ಅದು ಎರಡು ಮೂರು ಕಡೆ ಬರುತ್ತದೆ. ಒಂದು ಸರಕಾರದ ಅನುದಾನ ಪಡೆದ ತರಗತಿ, ಇನ್ನೊಂದು ಅನುದಾನವಿಲ್ಲದ್ದು, ಮತ್ತೊಂದು ಸಂಸ್ಥೆ ತನ್ನದೇ ಹಣದಲ್ಲಿ ನಡೆಸುವುದು. ಪ್ರತಿಯೊಂದಕ್ಕೂ ಬೇರೆ ಬೇರೆ ಕೋಡ್. ಕಟ್ಟಡ ಅದೇ ಇರಬಹುದು, ಫೀ ಮಾತ್ರ ಹಲವು ಪಟ್ಟು ಹೆಚ್ಚು. ಅವಸರದಲ್ಲಿ ತಪ್ಪು ಕೋಡ್ ಬಿದ್ದು, ಅದೇ ಮೊದಲ ಅಂಕೆಯಾಗಿ, ಜಾಗವೂ ಸಿಕ್ಕಿತೆನ್ನಿ. ಸೇರಿದರೆ ಸಾಲ, ಸೇರದಿದ್ದರೆ ಸುತ್ತಿನಿಂದ ಹೊರಗೆ! ಹೆಸರನ್ನು ನೋಡಿ ತೃಪ್ತರಾಗಬೇಡಿರಿ. ಶಾಖೆ, ಮಾಧ್ಯಮ, ಅನುದಾನ ಉಂಟೋ ಇಲ್ಲವೋ, ವರ್ಷದ ಫೀ, ಕೋಡ್, ಈ ಐದನ್ನೂ ಓದಿ ಬರೆಯಿರಿ. ಕಾಲೇಜಿನ ಕಚೇರಿಗೆ ಹೋಗಿ ಒಟ್ಟು ಹಣ ಎಷ್ಟೆಂದು ಬಾಯಿಬಿಟ್ಟು ಕೇಳಿರಿ. ಕೇಳುವುದಕ್ಕೆ ನಾಚಿಕೆ ಏಕೆ? ಪಗಾರ ನಮ್ಮದು.

ಮೂರನೆಯದು, ಪಟ್ಟಿಯ ಬುಡ. ಮೇಲಿನ ಮೂರು ನಾಲ್ಕು ಹೆಸರುಗಳಲ್ಲಿ ಆಸೆ ಇರಲಿ. ನಡುವಿನವು ಮಗುವಿನ ಅಂಕಕ್ಕೆ ಸಮನಾಗಿರಲಿ. ಕಡೆಯ ಎರಡು ಮೂರು, ಹೋದ ವರ್ಷದ ಕಟ್‌ಆಫ್ ಮಗುವಿನ ಅಂಕಕ್ಕಿಂತ ಚೆನ್ನಾಗಿ ಕೆಳಗಿದ್ದ ಕಾಲೇಜುಗಳಾಗಿರಲಿ. ಹೋದ ವರ್ಷದ ಅಂಕೆ ಈ ವರ್ಷಕ್ಕೆ ವಚನವಲ್ಲ. ಅದು ಬರಿಯ ಅಂದಾಜು. ಹತ್ತು ಹೆಸರಿಗೂ 85ರ ಮೇಲಿನ ಕಾಲೇಜುಗಳನ್ನೇ ಬರೆದರೆ 78 ಬಂದ ಮಗುವಿಗೆ ಒಂದೂ ಸಿಗದೆ ಹೋಗಬಹುದು. ಆಗ ಕ್ರಮ ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ. ಕಟ್‌ಆಫ್ ನೋಡುವುದು ಯಾವ ಹೆಸರುಗಳು ಪಟ್ಟಿಯಲ್ಲಿರಬೇಕು ಎನ್ನುವುದಕ್ಕೆ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ನಿರ್ಣಯಿಸಬೇಕಾದದ್ದು ನಿಮ್ಮ ಇಷ್ಟ.

ಇಷ್ಟ ಎಂದರೆ ಹೆಸರಿನ ಮೋಹವಲ್ಲ. ನಮ್ಮ ಅನೇಕ ಕುಟುಂಬಗಳು ಇಂದು ನಾಲಾಸೋಪಾರಾ, ವಿರಾರ್, ಡೊಂಬಿವಲಿ, ಕಲ್ಯಾಣ ಕಡೆ ಇವೆ. ಅಲ್ಲಿಂದ ಚರ್ಚ್‌ಗೇಟಿಗೋ ಸಿ.ಎಸ್.ಎಂ.ಟಿ.ಗೋ ಲೋಕಲ್ ಗಾಡಿಯಲ್ಲಿ ಒಂದು ಗಂಟೆಗೂ ಮಿಕ್ಕಿ ಬೇಕು. ಹದಿನಾರು ವರ್ಷದ ಮಗು ದಿನವೂ ಆ ನೂಕುನುಗ್ಗಲಿನಲ್ಲಿ ಹೋಗಿಬರುವುದೆಂದರೆ ಎಂತಹ ಕಷ್ಟವೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಹೋಗಿಬರುವ ಮೂರು ಗಂಟೆ ಓದಿನಿಂದಲೇ ಕಳೆಯುತ್ತದೆ. ಆದ್ದರಿಂದ ಪಟ್ಟಿ ಬರೆಯುವ ಮುಂಚೆ ಒಂದು ರಾತ್ರಿ ಮನೆಯವರೆಲ್ಲ ಕುಳಿತುಕೊಳ್ಳಿರಿ. ಮಗು ಏನು ಓದಬೇಕೆನ್ನುತ್ತದೆ, ಕಾಲೇಜು ಎಷ್ಟು ದೂರ, ಬೆಳಗಿನ ಪಾಳಿಯೋ ಮಧ್ಯಾಹ್ನದ್ದೋ, ಎರಡು ವರ್ಷದ ಫೀ ಕಟ್ಟಲು ಶಕ್ತಿ ಇದೆಯೋ, ಇವನ್ನು ಮೊದಲು ತೂಗಿ ನೋಡಿರಿ. ಆ ಮೇಲೆ ಬರುವ ಕ್ರಮವೇ ನಿಮ್ಮ ನಿಜವಾದ ಇಷ್ಟ. ಮಗುವಿನ ಮಾತನ್ನೂ ಕೇಳಿರಿ. ಓದುವುದು ಅದು, ನಾವಲ್ಲ.

ಕನ್ನಡಿಗರಾದ ನಮಗೆ ಇನ್ನೊಂದು ಬಾಗಿಲೂ ಇದೆ. ಮಹಾರಾಷ್ಟ್ರದಲ್ಲಿ ಕನ್ನಡ ಅಲ್ಪಸಂಖ್ಯಾತರ ಭಾಷೆ. ಭಾಷಾ ಅಲ್ಪಸಂಖ್ಯಾತ ಸಂಸ್ಥೆಯೆಂದು ಮಾನ್ಯತೆ ಪಡೆದ ಕಾಲೇಜುಗಳಲ್ಲಿ 50 ಶೇಕಡಾ ಜಾಗಗಳು ಆಯಾ ಭಾಷೆಯವರಿಗೆ ಮೀಸಲು. ಈ ಜಾಗಗಳಿಗೆ ಹತ್ತು ಹೆಸರಿನ ಪಟ್ಟಿಯಿಂದ ಪ್ರವೇಶವಿಲ್ಲ. ಕೋಟಾಕ್ಕೆಂದು ಪ್ರತ್ಯೇಕ ಅರ್ಜಿ ಕೊಡಬೇಕು. ಶಾಲೆ ಬಿಟ್ಟ ದಾಖಲೆಯಲ್ಲಿ ಮಾತೃಭಾಷೆ ಏನೆಂದು ಬರೆದಿದೆ ಎಂಬುದನ್ನು ಈಗಲೇ ತೆರೆದು ನೋಡಿಕೊಳ್ಳಿರಿ. ಆ ಕಾಗದ ಕೈಯಲ್ಲಿ ಬಂದ ಮೇಲೆ ತಿದ್ದಿಸುವುದು ಕಷ್ಟ.

ಊರಿನಿಂದ ತಂದ ಜಾತಿ ಪ್ರಮಾಣಪತ್ರದ ಮೇಲೆ ಭಾರ ಹಾಕಿದವರೂ ಎಚ್ಚರದಿಂದಿರಬೇಕು. ಒಂದು ರಾಜ್ಯದಿಂದ ವಲಸೆ ಬಂದ ಪರಿಶಿಷ್ಟ ಜಾತಿ-ಪಂಗಡದವರು ಬಂದ ರಾಜ್ಯದಲ್ಲಿ ಅದೇ ಸವಲತ್ತನ್ನು ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲಿ ತೀರ್ಪು ಕೊಟ್ಟಿದೆ. ಮೀಸಲು ಜಾಗವನ್ನು ನಂಬಿ ಪಟ್ಟಿ ಬರೆದು, ಕಾಲೇಜಿನ ಮೇಜಿನ ಮುಂದೆ ಕಾಗದ ನಡೆಯುವುದಿಲ್ಲವೆಂದು ತಿಳಿಯುವಂತಾಗಬಾರದು. ನಿಮ್ಮ ಪ್ರಮಾಣಪತ್ರ ಇಲ್ಲಿ ನಡೆಯುವುದೋ ಇಲ್ಲವೋ ಎಂಬುದನ್ನು ಮೊದಲೇ ವಿಚಾರಿಸಿ, ನಡೆಯದಿದ್ದರೆ ಸಾಮಾನ್ಯ ವರ್ಗದ ಕಟ್‌ಆಫ್ ನೋಡಿಯೇ ಹೆಸರುಗಳನ್ನು ಆರಿಸಿರಿ.

ಬಂಧುಗಳೇ, ನಮ್ಮ ಹಿರಿಯರಿಗೆ ಆಯ್ಕೆ ಎಂಬುದೇ ಇರಲಿಲ್ಲ. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಕಣ್ಣೆಳೆಯುತ್ತಿರುವಾಗ ಕನ್ನಡ ರಾತ್ರಿ ಶಾಲೆಯ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತರು. ಇದ್ದದ್ದು ಆ ಒಂದು ಶಾಲೆ, ಪಟ್ಟಿಯ ಮಾತೆಲ್ಲಿ? 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರು ಹೊರಬಂದರು. ಅನೇಕರಿಗೆ ಕೆಲಸ ಮರಳಿ ದೊರೆಯಲಿಲ್ಲ. ಗಿರಣಗಾಂವಿನ ಎಷ್ಟೋ ಮಕ್ಕಳು ಪುಸ್ತಕ ಕೆಳಗಿಟ್ಟು ದುಡಿಮೆಗೆ ಇಳಿಯಬೇಕಾಯಿತು. ಆ ಮನೆಗಳ ಮೊಮ್ಮಕ್ಕಳ ಕೈಗೆ ಇಂದು ಹತ್ತು ಖಾಲಿ ಸಾಲುಗಳು ಬಂದಿವೆ. ಅವುಗಳನ್ನು ತುಂಬುವ ಹಕ್ಕು ನಮ್ಮದು. ಅದನ್ನು ಅವಸರಕ್ಕೂ ಅಂಜಿಕೆಗೂ ಒಪ್ಪಿಸಬಾರದು.

ಕಡೆಗೆ ಒಂದು ವಿನಂತಿ. ನಿಯಮಗಳನ್ನು ವರ್ಷ ವರ್ಷ ತಿದ್ದುತ್ತಾರೆ. ಆಯಾ ವರ್ಷದ ಸೂಚನಾಪುಸ್ತಕವನ್ನು ಓದಿಸಿಕೊಳ್ಳಿರಿ. ಅರ್ಜಿಯ ಗುಪ್ತ ಸಂಕೇತವನ್ನೂ ಮೊಬೈಲಿಗೆ ಬರುವ ಓ.ಟಿ.ಪಿ.ಯನ್ನೂ ಪರರ ಕೈಗೆ ಕೊಡಬೇಡಿರಿ. ಕಂಪ್ಯೂಟರ್ ಅಂಗಡಿಗೆ ಹೋಗಲೇಬೇಕಾದರೆ ಹತ್ತು ಹೆಸರು, ಹತ್ತು ಕೋಡ್ ಕಾಗದದ ಮೇಲೆ ಬರೆದುಕೊಂಡು ಹೋಗಿರಿ. ಅವನು ಒತ್ತಿದ ಮೇಲೆ ನಿಮ್ಮ ಕಾಗದಕ್ಕೆ ತಾಳೆ ನೋಡಿ, ಆ ಮೇಲೆ ಲಾಕ್ ಮಾಡಿಸಿರಿ, ಒಂದು ಪ್ರತಿ ತೆಗೆದುಕೊಂಡು ಬನ್ನಿರಿ. ಓದು ಬಲ್ಲ ತರುಣರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರು ಪ್ರವೇಶದ ದಿನಗಳಲ್ಲಿ ರಾತ್ರಿ ಪಾಳಿ ಮುಗಿದ ಬಳಿಕ ಒಂದೊಂದು ಗಂಟೆ ಈ ಕೆಲಸಕ್ಕೆ ಕೊಟ್ಟರೆ ಹತ್ತಾರು ಮನೆಗಳಿಗೆ ದಾರಿಯಾಗುತ್ತದೆ. ಪಟ್ಟಿಯ ಕರಡನ್ನು ಹಿಡಿದು ಬಂದವರನ್ನು ಹಿಂದಕ್ಕೆ ಕಳಿಸದಿರೋಣ.