ನಗುತ್ತ ಕೇಳುವ ಸಂಗೀತ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಪಂಪ, ಕುಮಾರವ್ಯಾಸರನ್ನು ಬಿಟ್ಟು ನಗೆಬರಹದ ಮಾತೆತ್ತಿದನಲ್ಲಾ ಎಂದು ತಾವು ಹುಬ್ಬೇರಿಸಬಹುದು. ಸಂಗೀತ, ನಾಟಕ, ಸಿನಿಮಾಗಳನ್ನು ಕುರಿತ ವಿನೋದದ ಬರಹವೆಂದರೆ ಎಲೆಯ ತುದಿಯ ಉಪ್ಪಿನಕಾಯಿ ಎಂದು ಹಲವರ ಎಣಿಕೆ. ಆದರೆ ಉಪ್ಪಿನಕಾಯಿಯ ಆಸೆಗೆ ಎರಡು ತುತ್ತು ಹೆಚ್ಚು ಉಂಡವರೂ ಉಂಟು. ನಾನು ಆ ಪಂಗಡದವನು.

ಈ ಚೆನ್ನೈ ನಗರದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ‘ಆನಂದ ವಿಕಟನ್’ ಪತ್ರಿಕೆಯಲ್ಲಿ ‘ಆಡಲ್ ಪಾಡಲ್’ ಎಂಬ ಅಂಕಣ ಬರುತ್ತಿತ್ತು. ಅದರ ಲೇಖಕರ ಹೆಸರು ‘ಕರ್ನಾಟಕಂ’. ಮೊದಲ ಸಲ ಅದನ್ನು ಕಂಡಾಗ, ಯಾರೋ ನಮ್ಮವರೇ ಇರಬೇಕೆಂದು ನನ್ನ ಎದೆ ಉಬ್ಬಿತು. ವಿಚಾರಿಸಿದರೆ ಅವರು ‘ಕಲ್ಕಿ’ ಕೃಷ್ಣಮೂರ್ತಿಗಳು! ತಮಿಳರ ಆಡುಮಾತಿನಲ್ಲಿ ‘ಕರ್ನಾಟಕಂ’ ಎಂದರೆ ಹಳೆಯ ಕಾಲದ ಆಸಾಮಿ ಎಂದರ್ಥ. ಕರ್ನಾಟಕ ಸಂಗೀತದ ವಿಮರ್ಶಕನಿಗೆ ಇದಕ್ಕಿಂತ ಒಪ್ಪುವ ಹೆಸರು ಯಾವುದಿದ್ದೀತು? ತಮ್ಮನ್ನು ತಾವೇ ಮೊದಲು ಹಾಸ್ಯ ಮಾಡಿಕೊಂಡವರಿಗೆ ಇತರರನ್ನು ಹಾಸ್ಯ ಮಾಡುವ ಹಕ್ಕು ತಾನಾಗಿ ಬರುತ್ತದೆ.

ಇಂಗ್ಲೆಂಡಿನಲ್ಲಿ ಬರ್ನಾರ್ಡ್ ಷಾ ಹೂಡಿದ ಉಪಾಯವೂ ಇದೇ. ನಾಟಕಕಾರನೆಂದು ಹೆಸರಾಗುವ ಮುಂಚೆ, 1889ರಲ್ಲಿ, ಲಂಡನ್ನಿನ ‘ಸ್ಟಾರ್’ ಸಂಜೆಪತ್ರಿಕೆಗೆ ‘ಕಾರ್ನೊ ಡಿ ಬಾಸೆಟ್ಟೊ’ ಎಂಬ ಹೆಸರಿನಲ್ಲಿ ಆತ ಸಂಗೀತ ವಿಮರ್ಶೆ ಬರೆಯತೊಡಗಿದ. ಅದು ಬಳಕೆ ತಪ್ಪಿದ್ದ ಒಂದು ಊದುವ ವಾದ್ಯದ ಹೆಸರು. ಓದುಗರು ಯಾರೋ ವಿದೇಶದ ಪ್ರಭು ಎಂದು ತಿಳಿಯಲಿ ಎಂಬ ತುಂಟತನ! 1890ರಿಂದ 1894ರವರೆಗೆ ‘ವರ್ಲ್ಡ್’ ಪತ್ರಿಕೆಗೆ ಬರೆದದ್ದು 1932ರಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ವಾರದ ಪತ್ರಿಕೆಗೆ ಬರೆದದ್ದನ್ನು ನಲವತ್ತು ವರ್ಷದ ಮೇಲೂ ಜನ ಓದಿದರೆಂದರೆ ಅದರಲ್ಲಿ ಬರಿಯ ಚಟಾಕಿ ಇರಲಾರದು.

ಒಂದು ನಿದರ್ಶನ ಕೊಡುತ್ತೇನೆ. ಆ ಕಾಲದ ಪಂಡಿತರು ಮೊಜಾರ್ಟನ ಕೃತಿಯನ್ನು ವಿವರಿಸುವಾಗ, ಇಲ್ಲಿ ಪ್ರಧಾನ ವಿಷಯ ಬಂತು, ಅಲ್ಲಿ ಸ್ಥಾಯಿ ಬದಲಾಯಿತು ಎಂದು ವ್ಯಾಕರಣ ಒಪ್ಪಿಸುತ್ತಿದ್ದರು. ಷಾ ಅದೇ ಧಾಟಿಯಲ್ಲಿ ಹ್ಯಾಮ್ಲೆಟ್ಟನ ಸ್ವಗತವನ್ನು ಕ್ರಿಯಾಪದ, ಅವ್ಯಯಗಳಾಗಿ ಬಿಡಿಸಿಟ್ಟ. ಓದಿದವನು ನಗುತ್ತಾನೆ. ನಕ್ಕ ಮೇಲೆ, ಅಯ್ಯೋ, ಕಾವ್ಯವೇ ಕಾಣೆಯಾಯಿತಲ್ಲ ಎಂದು ಅವನಿಗೆ ಹೊಳೆಯುತ್ತದೆ. ಇಂಥ ಪ್ರಬಂಧಗಳ ಆಕರ್ಷಣೆಯ ಗುಟ್ಟು ಇಲ್ಲಿದೆ. ಅವು ಸಂಗೀತವನ್ನು ನಗುವುದಿಲ್ಲ. ಸಂಗೀತದ ಬಾಗಿಲಲ್ಲಿ ನಿಂತು ನಮ್ಮನ್ನು ಹೆದರಿಸುವ ಕಾವಲುಗಾರನನ್ನು ನಗುತ್ತವೆ. ತಾಳ ತಪ್ಪಿ ತೊಡೆ ತಟ್ಟುವ ನನ್ನಂಥವನಿಗೂ ಒಳಗೆ ಹೋಗುವ ಧೈರ್ಯ ಬರುತ್ತದೆ.

ಆದರೆ ನಗೆಗೆ ಮುಳ್ಳೂ ಉಂಟು. ಬ್ರಾಮ್ಸ್ ಎಂಬ ದೊಡ್ಡ ಸಂಗೀತಗಾರನನ್ನು ಷಾ ನಿರ್ದಯವಾಗಿ ಗೇಲಿ ಮಾಡಿದ್ದ. 1936ರಲ್ಲಿ, ತುಂಬು ಮುಪ್ಪಿನಲ್ಲಿ, ಅಂಥದೊಂದು ಬರಹಕ್ಕೆ ಅಡಿಟಿಪ್ಪಣಿ ಸೇರಿಸಿ, ಅದು ಅವಸರದ ಅವಿವೇಕವೆಂದು ಒಪ್ಪಿಕೊಂಡ. ಹಳೆಯದನ್ನು ಅಳಿಸಲಿಲ್ಲ, ಎರಡನ್ನೂ ಓದುಗನ ಮುಂದಿಟ್ಟ. ಬರೆದದ್ದು ಪುಸ್ತಕವಾಗಿ ಉಳಿಯುವುದರ ಲಾಭವಿದು.

ಕನ್ನಡದಲ್ಲಿ ಏನುಂಟು? 1942ರಿಂದ 1967ರವರೆಗೆ ವೈದ್ಯರಾದ ರಾ.ಶಿ.ಯವರು ‘ಕೊರವಂಜಿ’ಯನ್ನು ನಡೆಸಿ ನಾಡನ್ನು ನಗಿಸಿದರು. ಸಂಗೀತಕ್ಕೆ ಬಂದರೆ, ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’ ಇದೆ. ಅದು ವಿಡಂಬನೆಯಲ್ಲ, ಹಿರಿಯರ ಜಗುಲಿಯ ಮಾತು. ಅದರ ನಗೆ ಯಾರನ್ನೂ ಚುಚ್ಚುವುದಿಲ್ಲ. ಆಚಾರ್ಯರು ಮುಪ್ಪಿನಲ್ಲಿ ಮೈಸೂರು ಬಿಟ್ಟು ಇದೇ ಊರಿಗೆ ಬಂದು ಕಲಾಕ್ಷೇತ್ರದಲ್ಲಿ ಪಾಠ ಹೇಳಿದರು. ಅವರ ಕೃತಿಗಳು ಬಹುಪಾಲು ತೆಲುಗು, ಸಂಸ್ಕೃತದಲ್ಲಿವೆ. ನೆನಪುಗಳನ್ನು ಹೇಳಲು ಮಾತ್ರ ಅವರಿಗೆ ಕನ್ನಡವೇ ಬೇಕಾಯಿತು.

ನಾನು ಈ ವಿಷಯವನ್ನು ಇಂದು ಆರಿಸಿಕೊಂಡದ್ದಕ್ಕೆ ಕಾರಣ ಇಷ್ಟೇ. ಮೊನ್ನೆ ಮನೆಯಲ್ಲಿ ಒಂದು ಹಳೆಯ ನಗೆಬರಹವನ್ನು ಓದಿ ನಾನೊಬ್ಬನೇ ನಕ್ಕೆ. ಮೊಮ್ಮಗಳು, ‘ಅರ್ಥ ಆಯ್ತು ತಾತ, ಆದರೆ ಇದರಲ್ಲಿ ನಗೋದೇನಿದೆ?’ ಎಂದಳು. ನನಗೆ ಚುರುಕ್ಕೆಂದಿತು. ಹೊರನಾಡಿನ ಮಕ್ಕಳಿಗೆ ನಾವು ಅಕ್ಷರ ಕಲಿಸುತ್ತೇವೆ, ನಾಡಗೀತೆ ಹಾಡಿಸುತ್ತೇವೆ. ಇವನ್ನು ಪಾಠ ಮಾಡಿ ಕಲಿಸಬಹುದು. ನಗೆಯನ್ನು ಪಾಠ ಮಾಡಲಾಗದು. ಅದು ಪಕ್ಕದಲ್ಲಿ ಕೂತವರಿಂದ ಅಂಟಬೇಕು. ಒಂದು ಭಾಷೆಯಲ್ಲಿ ನಗಲಾರದವರಿಗೆ ಆ ಭಾಷೆ ಶಾಲೆಯಾದೀತೇ ಹೊರತು ಮನೆಯಾಗದು.

ಆದ್ದರಿಂದ ನನ್ನದೊಂದು ಚಿಕ್ಕ ಬಿನ್ನಹ. ವಾರಕ್ಕೊಂದು ಸಂಜೆ, ಊಟಕ್ಕೆ ಮುಂಚೆ, ಇಂಥ ಒಂದು ಪ್ರಬಂಧವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿರಿ. ಮಕ್ಕಳು ಮೊದಲ ವಾರ ನಗದಿದ್ದರೆ ಬೇಸರ ಬೇಡ, ತಾವು ನಗಿರಿ. ನನ್ನ ಮೊಮ್ಮಗಳು ನಾಲ್ಕನೆಯ ವಾರ ನಕ್ಕಳು. ಪ್ರಬಂಧಕ್ಕಲ್ಲ, ನಾನು ಓದುವ ರೀತಿಗೆ. ಇರಲಿ, ನಗೆ ಕನ್ನಡದ್ದೇ ತಾನೆ!