ಪಂಪಿನ ಬ್ಯಾಟರಿ, ಆಟದ ದೋಣಿ

ತೊಗರಿ ಹೂ ಬಿಡುವ ಹೊತ್ತಿಗೆ ನಮ್ಮ ಬಾಗೇವಾಡಿ ಸೀಮೆಯ ಇಂಗಳೇಶ್ವರದ ಹೊಲಗಳಲ್ಲಿ ಬೆನ್ನಿಗೆ ಪಂಪು ಏರಿಸಿಕೊಂಡು ಔಷಧ ಹೊಡೆಯುವವರನ್ನು ನೀವು ನೋಡೇ ಇರುತ್ತೀರಿ. ಮೊದಲಿನ ಪಂಪುಗಳಲ್ಲಿ ಒಂದು ಕೈ ಹಿಡಿಕೆಯನ್ನು ಒತ್ತುತ್ತಲೇ ಇರಬೇಕಿತ್ತು. ಈಗಿನವುಗಳಲ್ಲಿ ಸ್ವಿಚ್ ಹಾಕಿದರೆ ಸಾಕು, ಒಳಗಿನ ಪುಟ್ಟ ಮೋಟಾರು ಗುಂಯ್ ಎನ್ನುತ್ತದೆ. ಅಂಥ ಪಂಪಿನ ತಳ ಬಿಚ್ಚಿದರೆ ಬಹಳ ಸಲ ಒಂದು ಭಾರವಾದ ಡಬ್ಬಿ ಸಿಗುತ್ತದೆ. ಅದೇ ಸೀಸದ ಬ್ಯಾಟರಿ. ಮೇಲೆ 12 ವೋಲ್ಟ್, 8 ಎಎಚ್ ಎಂದು ಬರೆದಿರುತ್ತದೆ.

ರಿಮೋಟಿನಿಂದ ಓಡುವ ದೋಣಿಗೆ ಯಾವ ಬ್ಯಾಟರಿ ಹಾಕಬೇಕು ಎಂದು ಕೇಳುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಈ ಡಬ್ಬಿಯ ಹೆಸರನ್ನೇ. ಹಾಗಂತ ಅಪ್ಪನ ಪಂಪಿಗೆ ಕೈ ಹಾಕಬೇಡಿ. ಅದಕ್ಕೆ ಔಷಧ ಅಂಟಿರುತ್ತದೆ, ಅದು ವಿಷ. ಇಂಥದ್ದೇ ಹೊಸ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಕಂಪ್ಯೂಟರಿನ ಯುಪಿಎಸ್ ಒಳಗೆ ಇರುವುದೂ ಇದರ ತಮ್ಮನೇ.

“ಕಾಕಾ, ಅದು ಎರಡು ಕೆಜಿಗಿಂತ ಭಾರ ಐತಿ, ದೋಣಿ ಮುಳುಗೂದಿಲ್ಲೇನು?” ಎಂದು ಕೇಳುತ್ತೀರಿ. ಲೆಕ್ಕ ಹಾಕೋಣ. ನಿಮ್ಮ ದೋಣಿ 50 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಪೆಟ್ಟಿಗೆ ಎಂದುಕೊಳ್ಳಿ. ಅದರ ತಳದ ವಿಸ್ತಾರ 1000 ಚದರ ಸೆಂಟಿಮೀಟರ್. ಎರಡು ಕೆಜಿ ತೂಕ ತೇಲಬೇಕಾದರೆ ಎರಡು ಲೀಟರ್ ನೀರು ಪಕ್ಕಕ್ಕೆ ಸರಿಯಬೇಕು. ಆರ್ಕಿಮಿಡೀಸ್ ಹೇಳಿದ್ದು ಇದನ್ನೇ. ಎರಡು ಲೀಟರ್ ಎಂದರೆ 2000 ಘನ ಸೆಂಟಿಮೀಟರ್. ಹಾಗಾದರೆ ದೋಣಿ ಮೊದಲಿಗಿಂತ ಎರಡೇ ಎರಡು ಸೆಂಟಿಮೀಟರ್ ಕೆಳಗಿಳಿಯುತ್ತದೆ! ಭಾರವನ್ನು ತಳದ ನಟ್ಟನಡುವೆ ಇಟ್ಟರೆ ಗಾಳಿಗೆ ದೋಣಿ ವಾಲುವುದೂ ಕಡಿಮೆ. ಆಟದ ವಿಮಾನಕ್ಕಾದರೆ ಒಂದೊಂದು ಗ್ರಾಂ ಕೂಡ ಹೊರೆ. ದೋಣಿಯ ಹೊರೆಯನ್ನು ನೀರು ಹೊರುತ್ತದೆ. ಅಂಗೈಯಷ್ಟು ಚಿಕ್ಕ ದೋಣಿಗೆ, ಬಾಣದಂತೆ ಓಡಬೇಕಾದ ದೋಣಿಗೆ ಮಾತ್ರ ಈ ಮಾತು ಸಲ್ಲದು.

ರೇಡಿಯೋದಿಂದ ದೋಣಿ ನಡೆಸಿದ ಮೊದಲಿಗರಲ್ಲಿ ಪ್ರಸಿದ್ಧ ನಿಕೋಲಾ ಟೆಸ್ಲಾ. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದು ತೊಟ್ಟಿಯೊಳಗೆ ಪುಟ್ಟ ದೋಣಿಯನ್ನು ತಂತಿಯಿಲ್ಲದೆ ತಿರುಗಿಸಿ ತೋರಿಸಿದ. ಅದರ ಹೊಟ್ಟೆಯಲ್ಲೂ ಬ್ಯಾಟರಿ ಇತ್ತು. ಫ್ರಾನ್ಸಿನ ಗಾಸ್ಟಾನ್ ಪ್ಲಾಂಟೆ ಸೀಸದ ಬ್ಯಾಟರಿ ಮಾಡಿದ್ದು 1859ರಲ್ಲಿ. ಮೊಬೈಲಿನಲ್ಲಿರುವಂಥ ಲಿಥಿಯಂ ಅಯಾನ್ ಬ್ಯಾಟರಿ ಅಂಗಡಿಗೆ ಬಂದದ್ದು 1991ರಲ್ಲಿ, ಅಂದರೆ ಟೆಸ್ಲಾ ತೀರಿಕೊಂಡು 48 ವರ್ಷಗಳ ಮೇಲೆ.

ಡಬ್ಬಿಯ ಮೇಲಿನ ಎರಡು ಅಂಕಿಗಳನ್ನು ಓದಲು ಆಲಮಟ್ಟಿಗೆ ಹೋಗಿಬರೋಣ. ಆಣೆಕಟ್ಟು ತುಂಬಿದಾಗ ನೀರಿನ ಮಟ್ಟ 519.6 ಮೀಟರ್, ಸಂಗ್ರಹ ಸುಮಾರು 123 ಟಿಎಂಸಿ ಎಂದು ಪೇಪರಿನಲ್ಲಿ ಓದುತ್ತೀರಲ್ಲ? ನೀರು ಎಷ್ಟು ಎತ್ತರದಿಂದ ಬೀಳುತ್ತದೋ ಅಷ್ಟು ರಭಸ. ಬ್ಯಾಟರಿಯಲ್ಲಿ ಅದು ವೋಲ್ಟ್. ಎಷ್ಟು ನೀರಿದೆಯೋ ಅಷ್ಟು ಹೊತ್ತು ವಿದ್ಯುತ್ತು. ಬ್ಯಾಟರಿಯಲ್ಲಿ ಅದು ಎಎಚ್, ಅಂದರೆ ಆಂಪಿಯರ್-ಅವರ್. ಎರಡನ್ನೂ ಗುಣಿಸಿದರೆ ಒಟ್ಟು ಶಕ್ತಿ: 12 × 8 = 96 ವಾಟ್-ಅವರ್. ನಿಮ್ಮ ದೋಣಿಯ ಮೋಟಾರು 2 ಆಂಪಿಯರ್ ಎಳೆದರೆ ಕಾಗದದ ಮೇಲೆ 4 ತಾಸು. ಆದರೆ ಸೀಸದ ಬ್ಯಾಟರಿಯನ್ನು ತಳಕಂಡ ಮೇಲೂ ಹಿಂಡುತ್ತಿದ್ದರೆ ಅದು ಬೇಗ ಸಾಯುತ್ತದೆ. ಎರಡು ತಾಸಿಗೆ ದಂಡೆಗೆ ಕರೆಸಿ. ಮೋಟಾರಿನ ಮೇಲೆ 7.2 ವೋಲ್ಟ್ ಎಂದಿದ್ದರೆ ಅದಕ್ಕೆ 12 ಕೊಡಬೇಡಿ, ಸುಟ್ಟೀತು.

ಅಂಥ ಚಿಕ್ಕ ಮೋಟಾರಿಗೆ ಒಪ್ಪುವುದು ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್. ನೋಡಲು ಪೆನ್ಸಿಲ್ ಸೆಲ್ಲಿನಂತೆಯೇ, ಆದರೆ ಮತ್ತೆ ಮತ್ತೆ ಚಾರ್ಜ್ ಆಗುತ್ತದೆ. ಒಂದೊಂದರಲ್ಲಿ 1.2 ವೋಲ್ಟ್, ಆರನ್ನು ಸಾಲಾಗಿ ಜೋಡಿಸಿದರೆ 7.2. ಗಡಿಯಾರಕ್ಕೆ ಹಾಕುವ ಸಾದಾ ಸೆಲ್ಲನ್ನು ಮಾತ್ರ ಎಂದೂ ಚಾರ್ಜಿಗೆ ಹಾಕಬಾರದು, ಅದು ಸೋರುತ್ತದೆ, ಒಡೆಯಲೂಬಹುದು.

ಮೂರನೆಯದು ಲಿಥಿಯಂ ಪಾಲಿಮರ್, ಆಟಗಾರರ ಬಾಯಲ್ಲಿ ಲೈಪೋ. ಅಷ್ಟೇ ತೂಕದ ಸೀಸಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಶಕ್ತಿ ತುಂಬಿಕೊಳ್ಳುತ್ತದೆ. ಪಂದ್ಯದ ದೋಣಿಗಳು ಓಡುವುದು ಇದರಿಂದಲೇ. ಮಕ್ಕಳ ಮೊದಲ ದೋಣಿಗೆ ನಾನು ಇದನ್ನು ಹೇಳುವುದಿಲ್ಲ. ಯಾಕೆಂದು ಚಾರ್ಜರಿನ ಮಾತು ಬಂದಾಗ ಗೊತ್ತಾಗುತ್ತದೆ.

ಬ್ಯಾಟರಿ ತುಂಬಿತು ಎಂದು ಚಾರ್ಜರಿಗೆ ಹೇಗೆ ತಿಳಿಯುತ್ತದೆ? ಅದಕ್ಕೆ ಕಣ್ಣಿಲ್ಲ, ವೋಲ್ಟನ್ನೋ ಕರೆಂಟನ್ನೋ ಅಳೆದು ತಿಳಿಯಬೇಕು. ಪಂಪಿನ ಚಾರ್ಜರ್ ಸೀಸದ ಬ್ಯಾಟರಿಯನ್ನು ಸುಮಾರು 14.4 ವೋಲ್ಟಿಗೆ ಏರಿಸುತ್ತದೆ, ಒಳಹೋಗುವ ಕರೆಂಟು ಸಣ್ಣಗಾಗುವುದನ್ನು ಕಾಯುತ್ತದೆ, ಆಮೇಲೆ ಕೆಂಪು ದೀಪವನ್ನು ಹಸಿರು ಮಾಡುತ್ತದೆ. ನಿಕ್ಕಲ್ ಸೆಲ್ಲಿನದು ಬೇರೆಯೇ ಚಾಳಿ. ತುಂಬುವವರೆಗೂ ಅದರ ವೋಲ್ಟ್ ಏರುತ್ತಾ ಹೋಗಿ, ತುಂಬಿದ ಕೂಡಲೇ ಕೂದಲೆಳೆಯಷ್ಟು ಇಳಿಯುತ್ತದೆ, ಮೈ ಬಿಸಿಯಾಗುತ್ತದೆ. ಜಾಣ ಚಾರ್ಜರ್ ಆ ಇಳಿತವನ್ನು ಹಿಡಿದು ನಿಲ್ಲಿಸುತ್ತದೆ. ಅಗ್ಗದವು ಬರೀ ಗಡಿಯಾರ ನೋಡಿ ಇಷ್ಟು ತಾಸು ಎಂದು ನಿಲ್ಲಿಸುತ್ತವೆ. ಅವುಗಳಲ್ಲಿ ಕೆಲವಕ್ಕೆ ಕರೆಂಟು ಹೋಗಿ ಬಂದರೆ ಹಿಂದಿನದು ನೆನಪಿರುವುದಿಲ್ಲ, ಮತ್ತೆ ಒಂದರಿಂದ ಎಣಿಸುತ್ತವೆ! ದಿನಕ್ಕೆ ನಾಲ್ಕು ಸಲ ಕರೆಂಟು ಕೈಕೊಡುವ ಊರಿಗೆ ಅಂಥ ಚಾರ್ಜರ್ ಬೇಡವೇ ಬೇಡ.

ಇನ್ನು ಲೈಪೋ. ಇದರ ಒಂದು ಕೋಣೆ, ಅಂದರೆ ಸೆಲ್, 4.2 ವೋಲ್ಟಿಗೆ ತುಂಬಿತು, ಅದಕ್ಕಿಂತ ಮೇಲೆ ಹೋಗಕೂಡದು. ಮೂರು ಕೋಣೆಗಳ ಬ್ಯಾಟರಿ ತುಂಬಿದಾಗ 12.6. ಮಾತಿನಲ್ಲಿ ಇದನ್ನೂ ‘12 ವೋಲ್ಟಿನದು’ ಎಂದುಬಿಡುತ್ತಾರೆ. ಅದನ್ನು ನಂಬಿ ಯಾರೋ ಪಂಪಿನ ಚಾರ್ಜರಿಗೆ ಸಿಕ್ಕಿಸಿದರು ಎನ್ನಿ. ಚಾರ್ಜರ್ 14.4ರವರೆಗೆ ಏರಿಸಲು ಹೊರಡುತ್ತದೆ. ಮೂರರಿಂದ ಭಾಗಿಸಿ ನೋಡಿ, ಒಂದೊಂದು ಕೋಣೆಗೆ 4.8! ಒಳಗೆ ಸೇರಲು ಜಾಗವಿಲ್ಲದ ಲಿಥಿಯಂ ಲೋಹವಾಗಿ ಮೆತ್ತಿಕೊಳ್ಳುತ್ತದೆ, ಅನಿಲ ಹುಟ್ಟಿ ಬ್ಯಾಟರಿಯ ಚೀಲ ಉಬ್ಬುತ್ತದೆ. ಒಳಗಿನ ದ್ರವ ಉರಿಯುವಂಥದ್ದು, ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಅದಕ್ಕೇ ಲೈಪೋಗೆ ಪ್ರತಿ ಕೋಣೆಯನ್ನೂ ಬೇರೆ ಬೇರೆ ಅಳೆಯುವ ಬ್ಯಾಲೆನ್ಸ್ ಚಾರ್ಜರ್ ಬೇಕು. ಹಾಸಿಗೆಯ ಮೇಲಲ್ಲ, ಬರಿ ಕಲ್ಲಿನ ನೆಲದ ಮೇಲೆ, ದೊಡ್ಡವರು ಎದುರಿಗೆ ಕೂತಿರುವಾಗಲೇ ಚಾರ್ಜು. ಉಬ್ಬಿದ್ದಕ್ಕೆ ಮತ್ತೆ ಚಾರ್ಜು ಇಲ್ಲ.

ಚಾರ್ಜ್ ಆಗುವುದರಲ್ಲಿ ಸೀಸದ್ದು ನಿಧಾನಿ. ಎಎಚ್ ಅಂಕಿಯ ಹತ್ತನೇ ಒಂದರಷ್ಟು ಕರೆಂಟು ಅದಕ್ಕೆ ಹಿತ: 8 ಎಎಚ್ ಇದ್ದರೆ 0.8 ಆಂಪಿಯರ್. ಹತ್ತು ತಾಸಿನ ಲೆಕ್ಕ, ದಾರಿಯಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಇನ್ನೊಂದೆರಡು ತಾಸು.

ಆಟ ಮುಗಿದ ಮೇಲೆ ಇಡುವುದರಲ್ಲಿ ಸೀಸ, ಲೈಪೋ ಈ ಇಬ್ಬರ ಸ್ವಭಾವ ಪೂರಾ ಉಲ್ಟಾ. ಸೀಸದ ಬ್ಯಾಟರಿಯಿಂದ ಶಕ್ತಿ ಖಾಲಿಯಾಗುತ್ತಾ ಹೋದಂತೆ ಅದರ ಪಟ್ಟಿಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ವಾರಗಟ್ಟಲೆ ಖಾಲಿ ಬಿಟ್ಟರೆ ಸಣ್ಣ ಹರಳುಗಳು ದೊಡ್ಡವಾಗಿ ಗಟ್ಟಿಯಾಗುತ್ತವೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಕರಗಲೊಲ್ಲವು. ಸುಗ್ಗಿ ಮುಗಿದ ಮೇಲೆ ಮೂಲೆಗೆ ಒಗೆದ ಪಂಪು ಮುಂದಿನ ವರ್ಷ ಏಳದಿರುವುದಕ್ಕೆ ಬಹಳ ಸಲ ಇದೇ ಕಾರಣ. ಆದ್ದರಿಂದ ಸೀಸವನ್ನು ತುಂಬಿಯೇ ಇಡಬೇಕು. ಲೈಪೋವನ್ನು ತುಂಬಿಟ್ಟರೆ ಸೊರಗುತ್ತದೆ. ಅರ್ಧದಷ್ಟು, ಕೋಣೆಗೆ 3.8 ವೋಲ್ಟಿನಷ್ಟಿರುವಂತೆ ಇಡಬೇಕು.

ನಮ್ಮ ಬೇಸಿಗೆಯೂ ಲೆಕ್ಕಕ್ಕೆ ಬರಬೇಕು. ಬಾಗೇವಾಡಿ ಸೀಮೆಯ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಯಲ್ಲಿ ಎಲ್ಲ ಬ್ಯಾಟರಿಯೂ ಬೇಗ ಮುಪ್ಪಾಗುತ್ತದೆ. ನೀರಿನಿಂದ ಬಂದ ಬ್ಯಾಟರಿಯನ್ನು ನೆರಳಲ್ಲಿ ಆರಲು ಬಿಟ್ಟು, ಆಮೇಲೆ ಚಾರ್ಜಿಗೆ ಹಾಕಿ. ಸವಳು ನೀರಿನ ಬಾವಿಯೋ ಡೋಣಿ ಹೊಳೆಯೋ ಆದರೆ ಇನ್ನಷ್ಟು ಎಚ್ಚರ. ಉಪ್ಪಿನ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ತಂತಿಯ ತುದಿಗಳನ್ನು ತಿನ್ನುತ್ತದೆ. ಬ್ಯಾಟರಿಯ ಕೆಂಪು ತಂತಿಗೆ ಒಂದು ಫ್ಯೂಸ್ ಇರಲಿ. ಡಬ್ಬಿ ಚಿಕ್ಕದೆಂದು ಕಡೆಗಣಿಸಬೇಡಿ, ಎರಡು ತಂತಿ ತಾಕಿದರೆ ಅದು ತಂತಿಯನ್ನೇ ಕೆಂಪಗೆ ಕಾಯಿಸಬಲ್ಲದು.

ಕೃಷಿಹೊಂಡದಲ್ಲಿ ದೋಣಿ ಬಿಡುವ ಆಸೆಯಿದ್ದರೆ ದೊಡ್ಡವರನ್ನು ಕರೆದುಕೊಂಡೇ ಹೋಗಿ. ಹೊಂಡದ ಪ್ಲಾಸ್ಟಿಕ್ ಹಾಸು ಜಾರುತ್ತದೆ, ಇಳಿದವರಿಗೆ ಹತ್ತಿಬರಲು ಹಿಡಿತ ಸಿಗುವುದಿಲ್ಲ. ದೋಣಿಯ ಹಿಂಬದಿಗೆ ಗಾಳದ ನೈಲಾನ್ ದಾರ ಕಟ್ಟಿ, ನೀರು ತಳ್ಳುವ ಫ್ಯಾನಿಗೆ ಸುತ್ತಿಕೊಳ್ಳದಂತೆ ನೋಡಿಕೊಳ್ಳಿ. ನಡುನೀರಿನಲ್ಲಿ ಬ್ಯಾಟರಿ ಮುಗಿದರೆ ದಂಡೆಯ ಮೇಲೆ ನಿಂತೇ ಎಳೆದುಕೊಳ್ಳಬಹುದು.